ಬೆಟ್ಟದ ಎಡಹೆಗಲು ಮತ್ತು ಉದ್ದಪಟದಕ್ಕ

ಬೀದಿಯಲ್ಲಿ ಜೀಪು ಗುರುಗುಡುತ್ತ ನಿಂತಿದೆ. ಸ್ಟೇರಿಂಗ್ ಮುಂದೆ ಗಂಡ. ಪಕ್ಕದ ಸೀಟಿನಲ್ಲಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತವರು ಬೆಟ್ಟ ಕಾಯುವ ಕಚೇರಿಯ ಮೇಡಂ. ಇಬ್ಬರೂ ಕತ್ತೆತ್ತಿ ಮೂರನೇ ಮಹಡಿಯ ತಾರಸಿಯತ್ತ ನೋಡುತ್ತಿದ್ದಾರೆ. ತಾರಸಿಯ ಮೇಲಿರುವ ಅಕ್ಕ, ಆತನ ಹೆಂಡತಿ, ಮಾತ್ರ ಅಪ್ಪಿತಪ್ಪಿಯೂ ಕೆಳಗೆ ನೋಡುವುದಿಲ್ಲ. ಗಂಡನ ಮುಖ ಕಂಡರೆ ಗಮನ ಬೆಟ್ಟದ ಮೇಲಿಂದ ಜಾರುತ್ತದೆ, ಗಮನ ಜಾರಿದರೆ ಫೋಟೊ ಕೆಡುತ್ತದೆ, ಫೋಟೊ ಕೆಟ್ಟರೆ ಗಂಡನ ಜೀವಕ್ಕೆ ಯಾರು ಹೊಣೆ?

ಪೂರ್ತಿ ಬೆಳಕು ಹರಿದಿಲ್ಲ. ಬೆಟ್ಟಸಾಲಿನ ಬೆನ್ನ ಹಿಂದೆ ಆಕಾಶ ತುಸುವೇ ತಿಳಿಯಾಗಿದೆ. ಬೆಟ್ಟಗಳ ಅಂಚು ಚೊಕ್ಕವಾಗಿ ಕಾಣುವುದು ಇದೊಂದೇ ಹೊತ್ತಿನಲ್ಲಿ. ಬಿಸಿಲೇರಿದರೆ ಅದರ ಜೊತೆ ಮೋಡವೂ ಏರುತ್ತದೆ. ತಾರಸಿಯ ಮೋಟುಗೋಡೆಯಲ್ಲಿ ಸಿಮೆಂಟು ಹಾಕಿ ಬಿಗಿದ ಕಬ್ಬಿಣದ ಗೂಟವೊಂದಿದೆ. ಗೂಟದ ತಲೆಯ ಮೇಲೆ ಕ್ಯಾಮೆರಾ. ಎಡತುದಿಯಿಂದ ಶುರುಮಾಡಿ ಒಂದು ಫೋಟೊ, ಕ್ಯಾಮೆರಾ ಕೆಳಗಿನ ಚಕ್ರದ ಒಂದು ಹಲ್ಲಿನಷ್ಟು ತಿರುವು, ಮತ್ತೊಂದು ಫೋಟೊ. ಒಂದರ ಅಂಚು ಇನ್ನೊಂದರ ಮೇಲೆ ಚೆನ್ನಾಗಿ ಹಾಯಬೇಕು, ಇಲ್ಲದಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸುವಾಗ ಹೊಲಿಗೆ ಕೂಡುವುದಿಲ್ಲ. ಹೀಗೆ ತುದಿಯಿಂದ ತುದಿಗೆ ಹದಿನಾಲ್ಕು ಫೋಟೊ. ಎಲ್ಲ ಕೂಡಿದರೆ ಒಂದು ಉದ್ದ ಪಟ.

ಹದಿನಾಲ್ಕರಲ್ಲಿ ಆಕೆಯ ಪ್ರಾಣವಿರುವುದು ಐದನೆಯದರಲ್ಲಿ. ಸಾಲಿನಲ್ಲಿ ಹೊಗೆಯಾಡುವ ಬೆಟ್ಟ ಒಂದೇ. ಜ್ವಾಲಾಮುಖಿ ಎಂದು ಪುಸ್ತಕದವರು ಬರೆಯಲಿ, ಊರಿನವರಿಗೆ ಅದು ಹೊಗೆಬೆಟ್ಟ. ಐದನೆಯ ಫೋಟೊದಲ್ಲಿ ಬರುವುದು ಆ ಬೆಟ್ಟದ ಎಡಹೆಗಲು. ಅಕ್ಕ ಬಕೆಟ್ಟನ್ನು ಬೋರಲು ಹಾಕುತ್ತಾಳೆ, ಅದರ ಮೇಲೆ ಲ್ಯಾಪ್‌ಟಾಪ್ ಇಡುತ್ತಾಳೆ, ನಿನ್ನೆಯ ಐದನೆಯ ಫೋಟೊದ ಮೇಲೆ ಇವತ್ತಿನದನ್ನು ಹೊದಿಸುತ್ತಾಳೆ. ಬೆಟ್ಟದ ಅಂಚು ಒಂದೇ ಗೆರೆಯಾಗಿ ಕೂತರೆ ಹೆಗಲು ನಿನ್ನೆಯಷ್ಟೇ ಇದೆ ಎಂದರ್ಥ. ಗೆರೆ ಎರಡಾಗಿ ಕಂಡರೆ ರಾತ್ರಿ ಬೆಟ್ಟ ಊದಿದೆ. ಕೂದಲೆಳೆಯಷ್ಟಾದರೆ ಪರವಾಗಿಲ್ಲ ಎಂದು ಮೇಡಂ ಹೇಳಿಕೊಟ್ಟಿದ್ದಾರೆ. ಅದಕ್ಕಿಂತ ಹೆಚ್ಚಾದರೆ ಜೀಪು ಹೊರಡುವಂತಿಲ್ಲ.

ಇವತ್ತು ಕೂದಲೆಳೆ. ಅಕ್ಕ ಕಣ್ಣುಜ್ಜಿಕೊಂಡು ಮತ್ತೆ ನೋಡುತ್ತಾಳೆ. ಸೆರಗಿನಿಂದ ಪರದೆ ಒರೆಸಿ ಮತ್ತೊಮ್ಮೆ ನೋಡುತ್ತಾಳೆ. ಹೌದು, ಕೂದಲೆಳೆಯೇ. ಕೊನೆಗೆ ಮೋಟುಗೋಡೆಯಾಚೆ ಬಗ್ಗಿ, ಕೈ ಬೀಸಿ, "ಹೋಗಿ" ಎನ್ನುತ್ತಾಳೆ. ಜೀಪು ಹೊರಟು ತಿರುವಿನಲ್ಲಿ ಮರೆಯಾಗುತ್ತದೆ. ಅದರ ಸದ್ದು ಅಡಗಿದ್ದೇ ತಡ, ಅಲ್ಲೇ ಗೂಟದ ಬುಡದಲ್ಲಿ ಕೂತುಬಿಡುತ್ತಾಳೆ.

"ಬೇರೆ ಹೆಂಗಸರು ಗಂಡನ್ನ ಕೆಲಸಕ್ಕೆ ಕಳಿಸುವಾಗ ಬಾಗಿಲಲ್ಲಿ ನಿಂತು 'ಹುಷಾರು ಕಣ್ರೀ' ಅಂತಾರೆ. ನಾನು ಹಾಗನ್ನೋ ಹಾಗೂ ಇಲ್ಲ. ನೋಡಿ ಕಳಿಸೋಳೇ ನಾನಲ್ವಾ? ನಾನೇ ಹೋಗಿ ಅಂದು ನಾನೇ ಹುಷಾರು ಅಂದ್ರೆ ನಗ್ತಾರೆ," ಎನ್ನುತ್ತಾಳೆ. ಹೇಳುವಾಗ ಆಕೆಯೇ ನಗುತ್ತಾಳೆ, ಆದರೆ ಕಣ್ಣು ಬೆಟ್ಟದ ಮೇಲಿಂದ ಕೀಳುವುದಿಲ್ಲ.

ಊರಿನವರ ಬಾಯಲ್ಲಿ ಆಕೆ ಉದ್ದಪಟದಕ್ಕ. ಈ ಊರಲ್ಲಿ ಆಕೆಯ ಫೋಟೊ ನೋಡದವರಿಲ್ಲ, ತೆಗೆದವರು ಯಾರೆಂದು ಕೇಳಿದವರೂ ಇಲ್ಲ. ಕ್ಷೌರದಂಗಡಿಯಲ್ಲಿ ಕನ್ನಡಿಯ ಎದುರುಗೋಡೆಗೆ ಬೆಟ್ಟಸಾಲು ಅಂಟಿಸಿದ್ದಾರೆ. ಗಿರಾಕಿಗಳು ಕನ್ನಡಿಯಲ್ಲಿ ಅದನ್ನು ನೋಡುತ್ತ ತಲೆ ಅಲ್ಲಾಡಿಸದೆ ಕೂರುತ್ತಾರೆ ಎಂದು ಅಂಗಡಿಯವನಿಗೆ ಖುಷಿ. ಹಲ್ಲಿನ ಡಾಕ್ಟರ ಹತ್ತಿರ ಕಾಯುವ ಕೋಣೆಯಲ್ಲಿ ಇನ್ನೊಂದು ಇದೆ. ಲಾಡ್ಜಿನ ಊಟದ ಹಾಲಿನಲ್ಲಿ ಮೂರು ಗೋಡೆ ಸುತ್ತಿ ಬರುವಷ್ಟು ಉದ್ದದ್ದಿದೆ. ಎಲ್ಲದರಲ್ಲೂ ಬೆಟ್ಟ ನೀಲಿ, ಆಕಾಶ ನಿಚ್ಚಳ, ಹೊಗೆ ಅಂದವಾಗಿ ಮೇಲೇರುತ್ತಿರುತ್ತದೆ.

"ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಆ ಗಾದೆ ನಮ್ಮ ಮನೆ ನೋಡೇ ಮಾಡಿರಬೇಕು. ನುಣ್ಣಗೆ ಮಾಡಿ ಮಾರೋಳು ನಾನು. ಅದರ ಒರಟು ತುಳಿಯೋರು ನಮ್ಮನೆಯವರು."

ಕೆಲಸ ಕಲಿಸಿದ್ದು ಮಾವ. ಬೀದಿಗೆ ಮುಖವಾಗಿ ನೆಲಮಹಡಿಯಲ್ಲಿರುವ ಸ್ಟುಡಿಯೊ ಅವರದು. ಮಗ ಕೂತಲ್ಲಿ ಕೂರುವ ಆಸಾಮಿಯಲ್ಲ. ಕತ್ತಲಕೋಣೆ ಕಂಡರೆ ಉಸಿರುಗಟ್ಟುತ್ತದೆ ಎಂದು ಜೀಪು ಹತ್ತಿ, ನೋಡಲು ಬಂದವರನ್ನು ಬೆಟ್ಟದ ಮೇಲೆ ರಸ್ತೆ ಮುಗಿಯುವ ಕೊನೆಯ ಶೆಡ್ಡಿನ ತನಕ ಕರೆದೊಯ್ಯುವ ಕಸುಬು ಹಿಡಿದ. ಹಾಗಾಗಿ ಕ್ಯಾಮೆರಾ ಸೊಸೆಯ ಕೈಗೆ ಬಂತು. ತಾರಸಿಯ ಗೂಟ ಬಿಗಿದವರೂ ಮಾವನೇ. ಕ್ಯಾಮೆರಾ ತಿರುಗಬೇಕು, ಗೂಟ ತಿರುಗಬಾರದು ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರಂತೆ. ಗೂಟ ಅಲ್ಲಾಡದ ಕಾರಣ ಯಾವ ದಿನದ ಫೋಟೊ ಆದರೂ ಇನ್ಯಾವ ದಿನದ ಫೋಟೊ ಮೇಲೂ ಹೇಳಿ ಮಾಡಿಸಿದಂತೆ ಕೂರುತ್ತದೆ.

ಆ ಸೌಕರ್ಯದಿಂದಲೇ ಒಂದು ಚಟವೂ ಹುಟ್ಟಿತು. ಮೋಡ ಮುಚ್ಚಿದ ಬೆಟ್ಟವನ್ನು ಯಾರು ಕೊಳ್ಳುತ್ತಾರೆ? ಹದಿನಾಲ್ಕರಲ್ಲಿ ಒಂದು ಫೋಟೊಗೆ ಮೋಡ ಅಡ್ಡ ಬಂದರೆ, ಹಳೆಯ ದಿನದ ತಿಳಿಯಾದ ಫೋಟೊ ತೆಗೆದು ಅಲ್ಲಿಗೆ ತೇಪೆ ಹಾಕುವುದು. ಹೊಲಿಗೆ ಕಾಣದಂತೆ ಬಣ್ಣ ಸರಿಮಾಡುವುದು. ಮೋಡದ ಫೋಟೊ ಬಿಸಾಡುವುದು. "ಉದ್ದಪಟ ತೆಗೆಯೋರೆಲ್ಲ ಮಾಡೋದೇ ಇದು. ಯಾರೂ ಬಾಯಿ ಬಿಡಲ್ಲ, ಅಷ್ಟೇ," ಎನ್ನುತ್ತಾಳೆ ಅಕ್ಕ. ಹೊಗೆಬೆಟ್ಟದ ಎಡಹೆಗಲಿಗೆ ಮೋಡ ಬಹಳ. ಅದಕ್ಕೆಂದೇ ಮಾವನ ಕಾಲದಿಂದ ಜೋಪಾನ ಮಾಡಿದ ಒಳ್ಳೆಯ ತೇಪೆಯೊಂದು ಮನೆಯಲ್ಲಿತ್ತು.

ಹೋದ ಚಳಿಗಾಲದಲ್ಲಿ ಆ ತೇಪೆ ಕೂರದಾಯಿತು. ಆಸ್ಪತ್ರೆಯ ಉದ್ದ ಗೋಡೆಗೆಂದು ಪಟ ಹೊಲಿಯುತ್ತಿದ್ದಾಗ ನೋಡುತ್ತಾಳೆ, ಹೊಸ ನಾಲ್ಕನೆಯ ಫೋಟೊ ಪಕ್ಕದಲ್ಲಿ ಹಳೆಯ ಐದನೆಯದನ್ನು ಇಟ್ಟರೆ ಬೆಟ್ಟದ ಅಂಚಿನಲ್ಲಿ ಮೆಟ್ಟಿಲು ಬೀಳುತ್ತಿದೆ. ಹೊಸ ನಾಲ್ಕನೆಯದರ ಅಂಚಿಗೆ ಬಂದ ಹೆಗಲು ಎತ್ತರ, ಹಳೆಯ ಐದನೆಯದರಲ್ಲಿ ತಗ್ಗು. ಈ ಕಸುಬಿನವರಿಗೆ ಇಂಥ ಮೆಟ್ಟಿಲು ಕಂಡರೆ ಮೊದಲು ಬರುವ ಅನುಮಾನ ಒಂದೇ, ಗೂಟ ಸಡಿಲವಾಗಿದೆ. ಗಾರೆಯವನನ್ನು ಕರೆಸಿ ಗೂಟಕ್ಕೆ ಮತ್ತೆ ಸಿಮೆಂಟು ಹಾಕಿಸಿದಳು. "ಆ ಗೂಟ ನಿಮ್ಮ ಮಾವ ಬಿಗಿದಿದ್ದು ಕಣೇ, ಅವರ ಹಟದಷ್ಟೇ ಗಟ್ಟಿ. ಅದಕ್ಯಾಕೆ ಸಿಮೆಂಟು ದಂಡ ಮಾಡ್ತೀಯ?" ಎಂದರು ಅತ್ತೆ. ಮೆಟ್ಟಿಲು ಹೋಗಲಿಲ್ಲ. ಲೆನ್ಸ್ ಬಿಚ್ಚಿ ನೋಡಿದಳು, ತನ್ನ ಕಣ್ಣು ಪರೀಕ್ಷೆ ಮಾಡಿಸಿಕೊಂಡಳು. ಆಸ್ಪತ್ರೆಯವರು ಪಟ ಎಲ್ಲಿ ಎಂದು ಪ್ರಾಣ ತಿನ್ನುತ್ತಿದ್ದರು. ಹೊಸ ಹೆಗಲನ್ನು ಕಂಪ್ಯೂಟರಿನಲ್ಲಿ ಒತ್ತಿ, ಹಳೆಯದರ ಮಟ್ಟಕ್ಕೆ ಇಳಿಸಿ, ಹೊಲಿಗೆ ಮುಗಿಸಿ ಕೊಟ್ಟಳು. ಪಟ ಬಹಳ ಚೆನ್ನಾಗಿದೆ ಎಂದು ಅವರು ಹೊಗಳಿದರು.

ಹೀಗೆ ವಾರಗಟ್ಟಲೆ ಬೆಟ್ಟವನ್ನು ಒತ್ತಿ ಒತ್ತಿ ಕೂರಿಸಿದಳು. ಪ್ರತಿ ಸಲವೂ ಮೊದಲಿಗಿಂತ ಸ್ವಲ್ಪ ಹೆಚ್ಚು ಒತ್ತಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದಾಗ ಅವಳಿಗೆ ಹೊಳೆಯಿತು: ಗೂಟ ಅಲ್ಲಾಡಿದ್ದರೆ ಹದಿನಾಲ್ಕೂ ಜಾಗ ಬಿಡಬೇಕಿತ್ತು, ಉಳಿದ ಹದಿಮೂರು ಯಾಕೆ ತಮ್ಮ ಪಾಡಿಗೆ ತಾವು ಕೂತಿವೆ? ಬಾಯಲ್ಲಿದ್ದ ನೊರೆ ಹಾಗೇ ಇತ್ತಂತೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನ ಕತೆ ಉಲ್ಟಾ. ನೆಲವೇ ಡೊಂಕಾಗಿತ್ತು, ನಾನು ನನಗೆ ಕುಣಿಯೋಕೆ ಬರಲ್ಲ ಅಂದ್ಕೊಂಡು ಕೂತಿದ್ದೆ."

ಆ ಮಧ್ಯಾಹ್ನ ಊಟಕ್ಕೆ ಕೂತ ಗಂಡನ ಮುಂದೆ ಹೇಗೆ ಶುರುಮಾಡುವುದೋ ತಿಳಿಯದೆ, ಬೆಟ್ಟದ ಎಡಹೆಗಲು ಊದಿಕೊಂಡಿದೆ ಅನಿಸುತ್ತದೆ ಎಂದಷ್ಟೇ ಹೇಳಿದಳು. ನಗುತ್ತಾನೆ ಅಂದುಕೊಂಡಿದ್ದಳು. ಆತ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ.

"ಕೊನೇ ತಿರುವಿನಲ್ಲಿ ಜೀಪು ಸೆಕೆಂಡ್ ಗೇರಲ್ಲೇ ಹತ್ತುತ್ತಿತ್ತು," ಎಂದ. "ಈಗ ಕೆಲವು ದಿನದಿಂದ ಫಸ್ಟಿಗೆ ಹಾಕದಿದ್ರೆ ಹತ್ತಲ್ಲ. ಕ್ಲಚ್ ಹೋಗಿರಬೇಕು ಅಂತ ಎರಡು ಸಲ ಬಿಚ್ಚಿಸಿದೆ. ಕ್ಲಚ್ ಚೆನ್ನಾಗೇ ಇದೆ ಅಂತಾನೆ ಮೆಕ್ಯಾನಿಕ್. ಹಾಗಾದ್ರೆ ಏರೇ ಹೆಚ್ಚಾಗಿದೆ."

"ಅಯ್ಯೋ, ನನಗ್ಯಾಕೆ ಹೇಳಲಿಲ್ಲ?"

"ಹೆದರ್ತೀಯ ಅಂತ. ನೀನ್ಯಾಕೆ ಹೇಳಲಿಲ್ಲ?"

"ನಗ್ತೀರ ಅಂತ."

ಗೋಡೆಗೊರಗಿ ಕಾಳು ಬಿಡಿಸುತ್ತಿದ್ದ ಅತ್ತೆ ಇಬ್ಬರನ್ನೂ ನೋಡಿ, "ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ಸಾಕು. ಎದ್ದು ಹೋಗಿ, ಯಾರಿಗೆ ಹೇಳಬೇಕೋ ಅವರಿಗೆ ಹೇಳಿ ಬನ್ನಿ. ಊಟ ಎಲ್ಲೂ ಓಡಿ ಹೋಗಲ್ಲ," ಎಂದರು. ಅನ್ನದ ತಟ್ಟೆ ಮುಚ್ಚಿಟ್ಟು ಗಂಡಹೆಂಡತಿ ಕಚೇರಿಗೆ ನಡೆದರು.

ಬೆಟ್ಟ ಕಾಯುವ ಕಚೇರಿ ಎಂದರೆ ಎರಡು ಕೋಣೆ, ಮೂಲೆಯಲ್ಲಿ ನೆಲದ ನಡುಕ ಹಿಡಿಯುವ ಯಂತ್ರ. ನಡುಕ ಹೆಚ್ಚಿದ್ದು ಮೇಡಂಗೆ ಆಗಲೇ ಗೊತ್ತಿತ್ತು, ಅವರಿಗೂ ಸರಿಯಾಗಿ ನಿದ್ದೆಯಿರಲಿಲ್ಲ. ಎಡಹೆಗಲ ಮೇಲಿಟ್ಟಿದ್ದ, ಊತ ಅಳೆಯುವ ಯಂತ್ರ ಬೂದಿಯಲ್ಲಿ ಹೂತುಹೋಗಿತ್ತು. ಕಚೇರಿಯ ಕ್ಯಾಮೆರಾ ಇರುವುದು ಬೆಟ್ಟದ ಆಚೆ ಮಗ್ಗುಲಲ್ಲಿ, ಅಲ್ಲಿಂದ ಈ ಹೆಗಲು ಕಾಣುವುದಿಲ್ಲ. ಅಕ್ಕ ತಂದಿದ್ದ ಹಳೆಯ ತೇಪೆ ಮತ್ತು ಆ ದಿನದ ಫೋಟೊ ನೋಡಿ ಅವರು ಕುರ್ಚಿ ಎಳೆದು ಕೂತರು, ಚಳಿಗಾಲದಿಂದ ಇವತ್ತಿನವರೆಗಿನ ಎಲ್ಲ ಐದನೆಯ ಫೋಟೊಗಳನ್ನೂ ಕೊಡಿ, ತೇಪೆ ಹಾಕದ್ದು ಬೇಕು ಎಂದರು.

ತೇಪೆ ಹಾಕದ್ದು ಇದ್ದರಲ್ಲವೇ ಕೊಡುವುದು. ಮೋಡದವನ್ನೆಲ್ಲ ಅಕ್ಕ ಬಿಸಾಡಿಯಾಗಿತ್ತು. ಮೋಡದ ಸಂದಿಯಲ್ಲಿ ಹೆಗಲಿನ ಚೂರು ಅಂಚಾದರೂ ಅವುಗಳಲ್ಲಿ ಕಾಣುತ್ತಿತ್ತೇನೋ. ಉಳಿದವುಗಳಲ್ಲಿ ಬೆಟ್ಟವನ್ನು ಆಕೆಯೇ ಒತ್ತಿ ಕೂರಿಸಿದ್ದಳು, ಒತ್ತುವ ಮೊದಲಿನದನ್ನು ಇಟ್ಟುಕೊಂಡಿರಲಿಲ್ಲ.

"ಊತ ಯಾವಾಗ ಶುರುವಾಯ್ತು, ಬೇಗ ಬೇಗ ಬೆಳೀತಾ ಇದೆಯಾ, ನಿಧಾನವಾಗಿದೆಯಾ, ಏನೂ ಹೇಳೋಕಾಗಲಿಲ್ಲ ಅವರಿಗೆ, ನನ್ನಿಂದ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ. ಇವತ್ತಿನಿಂದ ಮೋಡ ಇದ್ದರೆ ಮೋಡವನ್ನೇ ಕೊಡಿ ಎಂದಷ್ಟೇ ಮೇಡಂ ಹೇಳಿದ್ದು. ಅಂದಿನಿಂದ ಹಳೆಯ ತೇಪೆಗಳ ಕಡೆ ಅಕ್ಕ ಕೈ ಹಾಕಿಲ್ಲ. ಗೋಡೆಗೆ ಪಟ ಬೇಕೆಂದು ಬರುವವರಿಗೆ, ಇದ್ದದ್ದು ಇದ್ದ ಹಾಗೆ, ಬೇಕಿದ್ದರೆ ತಗೊಳ್ಳಿ ಎನ್ನುತ್ತಾಳೆ.

ಕೊನೆಯ ಶೆಡ್ಡಿಗೆ ಹೋಗುವ ರಸ್ತೆ ಮುಚ್ಚಿತು. ಜೀಪಿನವರೆಲ್ಲ ಸ್ಟುಡಿಯೊ ಮುಂದೆ ಬಂದು ಬಾಯಿಗೆ ಬಂದಂತೆ ಬೈದರು. ಬೆಟ್ಟ ಅಗೆದು ಇಲಿ ಹಿಡಿಯುವವರ ಜೊತೆ ಸೇರಿ ಈಕೆ ನಮ್ಮ ಅನ್ನಕ್ಕೆ ಕಲ್ಲು ಹಾಕಿದಳು ಎಂದರು. ಅವರಲ್ಲಿ ಹೆಚ್ಚಿನವರು ಗಂಡನ ಜೊತೆ ಒಂದೇ ಲೋಟದಲ್ಲಿ ಚಹಾ ಕುಡಿದವರು. ಆತ ಬಾಗಿಲಿಗೆ ಅಡ್ಡ ನಿಂತು, "ನಿಮ್ಮ ಗಾಡಿ ಕೊನೇ ತಿರುವಿನಲ್ಲಿ ಯಾವ ಗೇರಲ್ಲಿ ಹತ್ತುತ್ತೆ? ಅದನ್ನ ಹೇಳಿ ಮೊದಲು," ಎಂದ. ಗುಂಪಿನಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಚದುರಿದರು.

ಅಲ್ಲಿಗೆ ಮುಗಿದಿದ್ದರೆ ಅಕ್ಕ ನೆಮ್ಮದಿಯಾಗಿರುತ್ತಿದ್ದಳು. ಆದರೆ ಎಡಹೆಗಲಿನಲ್ಲಿ ಬಿರುಕು ಕಾಣಿಸಿತು. ಬಿರುಕಿನ ಎರಡೂ ಬದಿಗೆ ಒಂದೊಂದು ಕಂಬಿ ನೆಟ್ಟಿದ್ದಾರೆ. ಹೂತುಹೋದ ಯಂತ್ರದ ಬದಲಿಗೆ ಹೊಸದು ಬರುವ ತನಕ ದಿನವೂ ಯಾರಾದರೂ ಹೋಗಿ ಕಂಬಿಗಳ ನಡುವಿನ ಅಂತರ ಟೇಪು ಹಿಡಿದು ಅಳೆಯಬೇಕು. ಬೆಟ್ಟದ ಬುಡದ ಹಳ್ಳಿಯವರು ಅವತ್ತು ತಮ್ಮ ಮನೆಯಲ್ಲೇ ಮಲಗಬಹುದೋ, ದೂರದ ಶಾಲೆಗೆ ಹೋಗಬೇಕೋ ಎಂಬುದು ಆ ಅಳತೆಯ ಮೇಲೆ ತೀರ್ಮಾನ. ಟೇಪು ಹಿಡಿಯುವವರು ಮೇಡಂ. ಬೂದಿ ಮುಚ್ಚಿದ ಆ ತಿರುವುಗಳಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಜೀಪು ಓಡಿಸಬಲ್ಲ ಡ್ರೈವರ್ ಬೇಕು.

"ನನ್ನ ಮಾತಿಗೆ ರಸ್ತೆ ಮುಚ್ಚಿದ್ರು. ಮುಚ್ಚಿದ ರಸ್ತೇಲಿ ಈಗ ದಿನಾ ಹೋಗೋ ಡ್ರೈವರ್ ಒಬ್ರೇ. ಯಾರು ಅಂತ ನಾನು ಬೇರೆ ಹೇಳಬೇಕಾ?" ಎಂದು ಅಕ್ಕ ಕೇಳುತ್ತಾಳೆ.

ಆ ಹೊಣೆ ಹೊತ್ತ ಹೊಸತರಲ್ಲಿ ಒಂದು ಬೆಳಿಗ್ಗೆ ಆಕೆ ಸುಳ್ಳು ಹೇಳಿದಳು. ಹಿಂದಿನ ಇರುಳು ಕಿಟಕಿಯ ಗಾಜು ಎರಡು ಸಲ ಗಡಗಡಿಸಿತ್ತು. ಬೆಳಗಾಗುವಷ್ಟರಲ್ಲಿ ಕಚೇರಿಯ ಯಂತ್ರ ಸುಮ್ಮನಾಗಿತ್ತು, ಆಕಾಶ ತೊಳೆದಿಟ್ಟಂತಿತ್ತು, ಐದನೆಯ ಫೋಟೊದಲ್ಲಿ ಗೆರೆ ಒಂದೇ ಇತ್ತು. ಹೋಗಿ ಎನ್ನಲು ಬಾಯಿ ಬರಲಿಲ್ಲ. ಬಗ್ಗಿ, "ಮೋಡ ಇದೆ, ಏನೂ ಕಾಣ್ತಿಲ್ಲ," ಎಂದುಬಿಟ್ಟಳು. ಮೇಡಂ ಆಗೆಲ್ಲ ಕಚೇರಿಯಲ್ಲೇ ಅಕ್ಕನ ಫೋನಿಗಾಗಿ ಕಾಯುತ್ತಿದ್ದರು, ಅವರಿಗೂ ಮೋಡ ಎಂದೇ ಹೇಳಿದಳು. ಕಚೇರಿ ಇರುವುದು ಎತ್ತರದ ಕಟ್ಟಡಗಳ ನಡುವೆ, ಅಲ್ಲಿಂದ ಬೆಟ್ಟ ಕಾಣದು. ಬೀದಿಯಲ್ಲಿ ಜೀಪಿನ ಪಕ್ಕ ನಿಂತಿದ್ದ ಗಂಡ ಒಮ್ಮೆ ತಿರುಗಿ ಬೀದಿಯ ತುದಿಯತ್ತ ನೋಡಿದ. ಎಂಜಿನ್ ಆಫ್ ಮಾಡಿದ. ಒಳಗೆ ಬಂದು ಶೂ ಬಿಚ್ಚಿದ.

ಅಳತೆ ಸಿಗದ ದಿನ ಹಳ್ಳಿಯವರನ್ನು ಮನೆಯಲ್ಲಿ ಬಿಡುವಂತಿಲ್ಲ, ಅದು ನಿಯಮ. ಸಂಜೆಯೊಳಗೆ ಮುದುಕರು, ಬಾಣಂತಿಯರು, ಹಾಸಿಗೆ ಹಿಡಿದವರು, ಎಲ್ಲರನ್ನೂ ಶಾಲೆಗೆ ಸಾಗಿಸಿದರು. ಚಳಿಗೆ ಒಬ್ಬ ಅಜ್ಜಿಗೆ ಉಬ್ಬಸ ಎದ್ದು ಆಸ್ಪತ್ರೆಗೆ ಒಯ್ದರು. ಅಜ್ಜಿ ಬದುಕಿಕೊಂಡರು. ಅಕ್ಕ ತಾನು ಒತ್ತಿ ಕೂರಿಸಿದ ಬೆಟ್ಟದ ಪಟವಿರುವ ಅದೇ ಉದ್ದ ಗೋಡೆಯ ಪಕ್ಕ, ಅಜ್ಜಿಯ ಮಂಚದ ಹತ್ತಿರ ಬಹಳ ಹೊತ್ತು ಕೂತು ಬಂದಳು. ಅಜ್ಜಿಗೆ ಏನು ಹೇಳಿದಳೋ, ಅದನ್ನು ಮಾತ್ರ ಯಾರು ಕೇಳಿದರೂ ಹೇಳುವುದಿಲ್ಲ. ಮೇಡಂಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಅವರು ತಲೆ ಮೇಲೆ ಕೈ ಹೊತ್ತು ಕೂತರಂತೆ. ಆಮೇಲೆ, ಫೋನಿನಲ್ಲಿ ಬೇಡ, ನಾನೇ ದಿನಾ ಜೀಪಿನಲ್ಲಿ ಬಂದು ಕೆಳಗೆ ಕಾಯುತ್ತೇನೆ ಎಂದರಂತೆ.

ಇವತ್ತಿನ ಬಿಸಿಲು ತಾರಸಿಗೆ ಬಂದಿದೆ. ಬೆಟ್ಟದ ಸೊಂಟಕ್ಕೆ ಮೋಡ ಸುತ್ತಿಕೊಳ್ಳುತ್ತಿದೆ, ಇನ್ನು ಇಲ್ಲಿಂದ ಏನೂ ಕಾಣದು. ಅಕ್ಕ ಹದಿನಾಲ್ಕನ್ನೂ ಕೂಡಿಸಿ ಕಚೇರಿಗೆ ಕಳಿಸುತ್ತಾಳೆ. ಕಾಫಿ ಲೋಟ ಹಿಡಿದು ಮೆಟ್ಟಿಲು ಹತ್ತಿಬಂದ ಅತ್ತೆ, ತಮ್ಮ ಮೊಣಕಾಲು ನೋವು ಯಾವ ಬೆಟ್ಟಕ್ಕೂ ಕಡಿಮೆಯಿಲ್ಲ ಎಂದು ಗೊಣಗುತ್ತ ಸೊಸೆಯ ಪಕ್ಕದಲ್ಲಿ ಕೂರುತ್ತಾರೆ. ಬೀದಿಯಲ್ಲಿ ಲಾರಿ ಬಂದರೆ ಇಬ್ಬರ ಕಿವಿಯೂ ನಿಮಿರುತ್ತದೆ. ಹಾಲಿನ ವ್ಯಾನು ಬರುತ್ತದೆ, ಕಸದ ಗಾಡಿ ಬರುತ್ತದೆ. ಅಕ್ಕನ ಕಾಫಿ ಕೆನೆಗಟ್ಟುತ್ತದೆ.

ಅತ್ತೆಯೇ ಮೊದಲು, "ಬಂದ," ಎನ್ನುತ್ತಾರೆ. ಸೊಸೆಗೆ ಇನ್ನೂ ಕೇಳಿಸಿರುವುದಿಲ್ಲ.

ಜೀಪಿನಿಂದ ಇಳಿದ ಗಂಡನ ಹುಬ್ಬಿನ ಮೇಲೂ ಬೂದಿ. ಮೇಡಂ ಮೇಲಕ್ಕೆ ನೋಡಿ ಹೆಬ್ಬೆರಳು ಎತ್ತುತ್ತಾರೆ: ಇವತ್ತು ಹಳ್ಳಿಯವರು ಮನೆಯಲ್ಲೇ ಮಲಗಬಹುದು. ಗಂಡ ನಲ್ಲಿಯ ಕೆಳಗೆ ತಲೆಯೊಡ್ಡಿ, ತೊಳೆದುಕೊಂಡು, ತಿಂಡಿ ಏನು ಎಂದು ಕೇಳುತ್ತಾನೆ. ಬೆಟ್ಟದ ಮಾತೇ ಎತ್ತುವುದಿಲ್ಲ. ಆತ ಎತ್ತಿದ್ದು ಒಂದೇ ಸಲ, ಸುಳ್ಳು ಹೇಳಿದ ಆ ದಿನದ ಸಂಜೆ. ಅದನ್ನು ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆತನಿಗೆ ಕೇಳದಂತೆ ಸಣ್ಣ ದನಿಯಲ್ಲಿ ಹೇಳುತ್ತಾಳೆ.

"'ಬೆಟ್ಟ ನನಗೂ ಕಾಣ್ತಿತ್ತು' ಅಂದ್ರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮತ್ತೆ ಎಂಜಿನ್ ಯಾಕೆ ಆಫ್ ಮಾಡಿದ್ರಿ ಅಂದೆ. 'ನೀನು ಮೋಡ ಅಂದೆಯಲ್ಲ. ನನ್ನ ಕಣ್ಣು ನಂಬೋದಾಗಿದ್ರೆ ನಾನು ಆ ಬೆಟ್ಟ ಹತ್ತೋನೇ ಅಲ್ಲ' ಅಂದ್ರು. ಅಷ್ಟೇ, ಊಟಕ್ಕೆ ಕೂತ್ರು."

ಒಳಗಿನಿಂದ ತಟ್ಟೆಯ ಸದ್ದು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ.

"ನನ್ನ ಫೋಟೊಗೆ ಯಾವತ್ತೂ ಬಹುಮಾನ ಬಂದಿಲ್ಲ, ಬರೋದೂ ಬೇಡ. ಅದನ್ನ ನಂಬ್ಕೊಂಡು ಒಬ್ಬ ಮನುಷ್ಯ ದಿನಾ ಬೆಟ್ಟ ಹತ್ತಿ ಇಳೀತಾನೆ. ನಾಳೆಯೂ ಇಳೀಲಿ, ಅಷ್ಟು ಸಾಕು."